ಹಳೆಯ ಜೀಪಿಗೆ ದೊಡ್ಡ ಚಕ್ರ

ಶಿಡ್ಲಘಟ್ಟವೆಂದೊಡನೆ ಎಲ್ಲರಿಗೂ ನೆನಪಾಗುವುದು ರೇಷ್ಮೆಗೂಡಿನ ಮಾರುಕಟ್ಟೆ. ನನಗೆ ಮಾತ್ರ ಅಲ್ಲಿನ ಮಿತ್ರರೊಬ್ಬರ ಜೀಪು. 1947ರಲ್ಲಿ ಮಹೀಂದ್ರದವರು ನಮ್ಮಲ್ಲಿ ತಂದ ವಿಲ್ಲಿಸ್ ಜೀಪಿನ ಸಂತತಿ, ನಾಲ್ಕು ಚಕ್ರಗಳೂ ಎಳೆಯುವಂಥದು. ತಂದೆಯವರು ಗೂಡು ಸಾಗಿಸುತ್ತಿದ್ದ ಆ ಗಾಡಿಯನ್ನು ಮಾರಲು ಅವರಿಗೆ ಮನಸ್ಸಿಲ್ಲ. ಹಿಪ್ಪುನೇರಳೆ ತೋಟದ ದಾರಿಯ ಕಲ್ಲುಗಳಿಗೆ ಅದರ ಹೊಟ್ಟೆ ತಗಲುವುದನ್ನು ನೋಡಲೂ ಮನಸ್ಸಿಲ್ಲ. ಆದ್ದರಿಂದ ಸುಮಾರು 28 ಅಂಗುಲದ ಟೈರುಗಳನ್ನು ಬಿಚ್ಚಿಸಿ, 30 ಅಂಗುಲದವನ್ನು ಹಾಕಿಸಿದರು.

ತಲಕಾಯಲಬೆಟ್ಟದ ಕಡೆಗೆ ಹೊರಟೆವು. ಚಕ್ರ ಎರಡು ಅಂಗುಲ ಬೆಳೆದರೂ ಜೀಪು ಮೇಲೆದ್ದದ್ದು ಒಂದೇ ಅಂಗುಲ. ಉಳಿದದ್ದು ಅಚ್ಚಿನ ಮೇಲ್ಗಡೆಗೆ ಸಂದುಹೋಗಿತ್ತು! ಮೀಟರು ಗಂಟೆಗೆ 40 ಕಿಲೋಮೀಟರೆಂದಾಗ ನಿಜವಾದ ವೇಗ ಸುಮಾರು 43. ಮೂರನೆಯ ಗೇರಿನಲ್ಲಿ ಏರುತ್ತಿದ್ದ ದಿಬ್ಬಗಳಿಗೆ ಈಗ ಎರಡನೆಯದು ಬೇಕಾಯಿತು.

ಇಳಿಜಾರಿನ ತಿರುವೊಂದರಲ್ಲಿ ಎದುರಿಗೆ ಕುರಿಮಂದೆ. ಮಿತ್ರರು ಸ್ಟೀರಿಂಗನ್ನು ಪೂರ್ತಿ ಹೊರಳಿಸಿದರು. ಟೈರು ಸ್ಪ್ರಿಂಗಿನ ಪಟ್ಟಿಗೆ ಉಜ್ಜಿ ಕರ್ಕಶವಾಗಿ ಕಿರಿಚಿತು. ಬ್ರೇಕು ಹಿಡಿಯಿತು, ಎಂದಿಗಿಂತ ಎರಡು ಮಾರು ಮುಂದೆ. ಕುರಿಗಳು ಉಳಿದವು. ಕುರಿಗಾಹಿಯ ಬೈಗುಳವೆಲ್ಲ ಅಚ್ಚ ತೆಲುಗಿನಲ್ಲಿತ್ತು; ಗಡಿನಾಡಿನ ಭಾಗ್ಯವೆಂದು ಕೇಳಿಕೊಂಡೆವು.

ಊರಿಗೆ ಮರಳಿ ಮುದಿ ಮೆಕ್ಯಾನಿಕನ ಮುಂದೆ ನಿಂತಾಗ ಆತ ನಕ್ಕ: “ಕಾಲು ದೊಡ್ಡದು ಮಾಡಿಸಿದಿರಿ ಸ್ವಾಮಿ, ಗುಂಡಿಗೆ ಹಳೆಯದೇ ಅಲ್ಲವೆ? ಬ್ರೇಕೂ ಹಳೆಯದೇ.”

ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಮೆಲ್ಲನೆ, “ಆ ಹಳೆಯ ಟೈರುಗಳು...” ಎಂದರು.

ಆತ ಶೆಡ್ಡಿನ ಹಿಂಬದಿಗೆ ಕೈ ತೋರಿದ. ನಾಲ್ಕೂ ಗೋಣಿತಟ್ಟು ಹೊದ್ದು ಕುಳಿತಿದ್ದವು.