ಗೋಲಿನ ಮುಂದೆ ನಿಂತವರು

ಕಾಲ್ಚೆಂಡಿನಾಟದಲ್ಲಿ ಗೋಲು ಹೊಡೆದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಗೋಲು ತಡೆದವರ ಹೆಸರು ಬರುವುದು ಅಪರೂಪ. ತಡೆಯಲಾಗದಿದ್ದರೆ ಮಾತ್ರ ಎಲ್ಲರ ಬಾಯಲ್ಲೂ ಅದೇ. ವಿಜಾಪುರ ರಸ್ತೆಯ ಬಯಲಿನಲ್ಲಿ ಹುಡುಗರ ಆಟಕ್ಕೆ ನಾವು ಹುಡುಗಿಯರು ಹೋದರೆ ನಮಗೆ ಸಿಗುವುದೂ ಆ ಜಾಗವೇ. "ಏ, ನೀ ಗೋಲಿನ್ಯಾಗ ನಿಂದ್ರು, ಓಡಾಕ ನಾವ್ ಅದೀವಿ" ಎನ್ನುತ್ತಾರೆ. ಓಡಲು ಬಾರದವರಿಗೆ ಉಳಿದ ಜಾಗವೆಂದು ಅವರ ಎಣಿಕೆ. ಎರಡು ಚಪ್ಪಲಿಗಳ ನಡುವೆ ನಿಲ್ಲುವುದೇನೋ ಸುಲಭ. ಆದರೆ ನಿಜವಾದ ಗೋಲಿನ ಅಗಲ 7.32 ಮೀಟರು, ಎತ್ತರ 2.44 ಮೀಟರು, ಹೆಚ್ಚುಕಡಿಮೆ ನಮ್ಮ ವರ್ಗದ ಕೋಣೆಯ ಒಂದು ಗೋಡೆಯಷ್ಟು. ಪೆನಾಲ್ಟಿ ಹೊಡೆಯುವುದು 11 ಮೀಟರು ದೂರದಿಂದ. ಜೋರಾಗಿ ಹೊಡೆದ ಚೆಂಡು ಅರ್ಧ ಸೆಕೆಂಡಿನಲ್ಲಿ ಬಂದು ಮುಟ್ಟುತ್ತದೆ.

ಈ ಜಾಗವನ್ನು ಬೇಕೆಂದೇ ತಮ್ಮದಾಗಿಸಿಕೊಂಡವರು ಅದಿತಿ ಚೌಹಾನ್. 1992ರಲ್ಲಿ ಚೆನ್ನೈಯಲ್ಲಿ ಹುಟ್ಟಿ, ದಿಲ್ಲಿಯಲ್ಲಿ ಬೆಳೆದರು. ಶಾಲೆಯಲ್ಲಿ ಅವರು ಆಡುತ್ತಿದ್ದುದು ಬಾಸ್ಕೆಟ್‌ಬಾಲ್ ಮತ್ತು ಕರಾಟೆ. ಕಾಲ್ಚೆಂಡಿಗೆ ಹೋಗೆಂದು ಹುರಿದುಂಬಿಸಿದವರು ಬಾಸ್ಕೆಟ್‌ಬಾಲ್ ಕಲಿಸುತ್ತಿದ್ದ ಗುರುಗಳೇ. ಹದಿನೈದರ ವಯಸ್ಸಿನಲ್ಲಿ ದಿಲ್ಲಿಯ 19 ವರ್ಷದೊಳಗಿನವರ ತಂಡಕ್ಕೆ ಆಯ್ಕೆಯಾದರು. ಹದಿನೈದೆಂದರೆ ನಮ್ಮ ವಯಸ್ಸು! ನಮ್ಮ ಮನೆಗಳಲ್ಲಿ ಹತ್ತನೆಯ ವರ್ಗಕ್ಕೆ ಕಾಲಿಟ್ಟೊಡನೆ "ಸಾಕ್ ಮಾಡವಾ ಆಟ, ಇನ್ನ ಅಭ್ಯಾಸ ನೋಡು" ಎಂಬ ಮಾತು ಶುರುವಾಗುತ್ತದೆ. ಅದಿತಿಯವರು ಅಭ್ಯಾಸವನ್ನೇನೂ ಬಿಡಲಿಲ್ಲ. ಕ್ರೀಡಾ ನಿರ್ವಹಣೆಯ ಉನ್ನತ ವ್ಯಾಸಂಗಕ್ಕೆಂದು ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯ ಸೇರಿದರು.

ಅಲ್ಲಿಂದಲೇ 2015ರಲ್ಲಿ ವೆಸ್ಟ್ ಹ್ಯಾಮ್ ಮಹಿಳಾ ತಂಡ ಸೇರಿ, ಇಂಗ್ಲೆಂಡಿನ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಮಹಿಳೆಯಾದರು. 1921ರಲ್ಲಿ ಹೆಂಗಸರ ಕಾಲ್ಚೆಂಡಿಗೆ ಕ್ಲಬ್ಬುಗಳ ಮೈದಾನವನ್ನೇ ಮುಚ್ಚಿ, ಸುಮಾರು ಐವತ್ತು ವರ್ಷ ಹಾಗೇ ಇಟ್ಟ ದೇಶವದು. ಆಗಸ್ಟ್ 16ರಂದು, ನಮ್ಮ ಸ್ವಾತಂತ್ರ್ಯ ದಿನದ ಮರುದಿವಸ, ಅವರ ಮೊದಲ ಪಂದ್ಯ. ಕೊವೆಂಟ್ರಿ ತಂಡ ಐದು ಗೋಲು ಹೊಡೆಯಿತು. ವೆಸ್ಟ್ ಹ್ಯಾಮ್ ಒಂದನ್ನೂ ಹೊಡೆಯಲಿಲ್ಲ. ಅವರ ಕಥೆಯಲ್ಲಿ ನಮಗೆ ತೀರ ಹಿಡಿಸಿದ ಭಾಗವಿದು. ಮೊದಲ ದಿನವೇ ಐದು ಸಲ ಬಲೆಯಿಂದ ಚೆಂಡು ಹೆಕ್ಕಿ ಕೊಟ್ಟವರು ಮತ್ತೆ ಅದೇ ಕಂಬಗಳ ನಡುವೆ ಹೋಗಿ ನಿಂತರಲ್ಲ!

ಮುಂದೆ ಜಯಗಳೂ ಬಂದವು. 2019ರಲ್ಲಿ ನೇಪಾಳದ ವಿರಾಟನಗರದಲ್ಲಿ ಭಾರತ ಸಾಫ್ ಕಪ್ ಗೆದ್ದಿತು. 2020ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಗೋಕುಲಂ ಕೇರಳ ತಂಡ ಮಣಿಪುರದ ಕ್ರಿಪ್ಸಾ ತಂಡವನ್ನು 3-2ರಿಂದ ಸೋಲಿಸಿ ರಾಷ್ಟ್ರೀಯ ಲೀಗ್ ಗೆದ್ದಿತು.

ಆದರೆ ನಮ್ಮನ್ನು ಕಾಡುವುದು ನಮ್ಮ ಮಹಾರಾಷ್ಟ್ರದಲ್ಲೇ ನಡೆದ ಪಂದ್ಯ. 2022ರ ಜನವರಿ 20ರಂದು ನವಿ ಮುಂಬಯಿಯಲ್ಲಿ ಏಷ್ಯಾ ಕಪ್ ಪಂದ್ಯದಲ್ಲಿ ಇರಾನಿನವರಿಗೆ ಅದಿತಿಯವರು ಒಂದು ಗೋಲನ್ನೂ ಕೊಡಲಿಲ್ಲ. ನಮ್ಮವರೂ ಹೊಡೆಯಲಿಲ್ಲ, ಆ ಮಾತು ಬೇರೆ. ಮೂರು ದಿನಗಳ ನಂತರ ಚೈನೀಸ್ ತೈಪೆಯ ಎದುರು ಆಡಬೇಕೆನ್ನುವಾಗ ಕೋವಿಡ್ ತಂಡದೊಳಗೆ ನುಗ್ಗಿ, ಬೇಕಾದ ಹದಿಮೂರು ಆಟಗಾರ್ತಿಯರೂ ಇಲ್ಲದಾದರು. ಭಾರತ ಸ್ಪರ್ಧೆಯಿಂದ ಹೊರಬಿತ್ತು. ಇರಾನ್ ಪಂದ್ಯದ ಫಲಿತಾಂಶವೂ ರದ್ದಾಯಿತು. ಐದು ಗೋಲು ಬಿಟ್ಟ ಪಂದ್ಯ ಲೆಕ್ಕದಲ್ಲಿ ಉಳಿಯಿತು, ಒಂದೂ ಬಿಡದ ಪಂದ್ಯ ಅಳಿಸಿಹೋಯಿತು. ಇದ್ಯಾವ ನ್ಯಾಯವೋ ನಮಗೆ ತಿಳಿಯದು.

2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತ ಆತಿಥೇಯರನ್ನು 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಮತ್ತೆ ಅರ್ಹತೆ ಗಳಿಸಿತು. ಅಂದು ಗೋಲಿನಲ್ಲಿದ್ದವರು ಮಣಿಪುರದ ಪಂತೋಯ್ ಚಾನು. ಹನ್ನೆರಡು ದಿನಗಳ ಬಳಿಕ, ಹದಿನೇಳು ವರ್ಷ ಆಡಿದ ಅದಿತಿಯವರು ನಿವೃತ್ತಿ ಸಾರಿದರು. ಅಷ್ಟರೊಳಗೆ ‘ಷಿ ಕಿಕ್ಸ್’ ಎಂಬ ಕಾಲ್ಚೆಂಡಿನ ಶಾಲೆಯೊಂದನ್ನು ತೆರೆದು, ಹುಡುಗಿಯರಿಗೆ ಆಟ ಕಲಿಸಲು ಆರಂಭಿಸಿಯಾಗಿತ್ತು.