ಬಾಗಿಲು 3 ಅಡಿ ಸರಿದಾಗ

ನಮ್ಮ ಇಂಡಿ, ಸಿಂದಗಿ ಕಡೆಯ ಹಳೇ ಮಾಳಿಗೆ ಮನೆಗಳಲ್ಲಿ ಮಲಗಲು ಅಂತ ಬೇರೆ ಖೋಲಿ ಇರುವುದು ಕಡಿಮೆ. ಪಡಸಾಲೆಯಲ್ಲಿ ಕೌದಿ ಹಾಸಿದರೆ ಮಲಗುವ ಜಾಗ, ಮುಂಜಾನೆ ಸುತ್ತಿಟ್ಟರೆ ಮತ್ತೆ ಪಡಸಾಲೆ. ದಪ್ಪ ಗೋಡೆಯೊಳಗೇ ಮಾಡ. ದೀಪ, ಎಣ್ಣೆ, ಪುಸ್ತಕ ಎಲ್ಲ ಅದರಲ್ಲೇ. ಕಪಾಟಿನ ಮಾತೇ ಇರಲಿಲ್ಲ.

ಈಗಿನ ಗೋಡೆ ಆರೋ ಒಂಬತ್ತೋ ಇಂಚು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ ಅಡುಗೆ ಜಾಗ ಸೇರಿ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. ಅದರಲ್ಲಿ 10 ಅಡಿ ಉದ್ದ, 10 ಅಡಿ ಅಗಲದ ಒಂದು ಖೋಲಿ ಸಿಕ್ಕರೆ ದೊಡ್ಡದು.

ಸಿಂದಗಿ ತಾಲ್ಲೂಕಿನಲ್ಲಿ ನಮ್ಮಕ್ಕನ ಮನೆಗೆ ಗೋಡೆ ಏರಿಸುವ ಮುಂಚೆ ನಾನು ಅಲ್ಲಿದ್ದೆ. ಅಕ್ಕನಿಗೆ ಆಗ ಏಳು ತಿಂಗಳು. ಬಾಣಂತನ ಮುಗಿಸಿ ಬಂದ ಮೇಲೆ ಅಕ್ಕ, ಕೂಸು, ಹತ್ತನೇ ತರಗತಿ ಓದುವ ನಾದಿನಿ ಮೂವರಿಗೂ ಅದೊಂದೇ ಖೋಲಿ. ಗೌಂಡಿ ಮಾಮಾ ಸುಣ್ಣದ ಗೆರೆ ಎಳೆದು, ಗೋಡೆಯ ನಡುವೆ ಬಾಗಿಲು ಗುರುತು ಮಾಡಿದ್ದರು.

"ಮಾಮಾ, ಹೊರಸು ಎಲ್ಲಿ ಹಾಕೂದ್ರಿ?" ಅಂದಳು ಅಕ್ಕ.

"ಬಾಗ್ಲಾ ನಡಕ್ಕಿದ್ರ ಚಂದ ಕಾಣ್ತೈತೆವ್ವಾ."

ನೀವೇ ಲೆಕ್ಕ ಹಾಕಿ. 10 ಅಡಿ ಗೋಡೆಯ ನಟ್ಟನಡುವೆ 3 ಅಡಿ ಬಾಗಿಲು ಇಟ್ಟರೆ ಎರಡೂ ಕಡೆ ಮೂರೂವರೆ ಅಡಿ ಉಳಿಯುತ್ತದೆ. 6 ಅಡಿ ಹೊರಸು ಯಾವ ಕಡೆಗೂ ಹಿಡಿಸದು. ಅದೇ ಬಾಗಿಲನ್ನು ಮೂಲೆಯಿಂದ ಅರ್ಧ ಅಡಿ ಬಿಟ್ಟು ಇಟ್ಟರೆ ಒಂದೇ ಕಡೆ ಆರೂವರೆ ಅಡಿ. ಹೊರಸು ಗೋಡೆಗುಂಟ ಕೂತಿತು. ಬಿಜಾಗರಿಯನ್ನು ಮೂಲೆ ಕಡೆ ಹಚ್ಚಿದರೆ ತೆರೆದ ಕದ ಪಕ್ಕದ ಗೋಡೆಗೆ ಒರಗುತ್ತದೆ, ಜಾಗ ತಿನ್ನುವುದಿಲ್ಲ.

ಮಾಮಾ ಗೊಣಗುತ್ತಲೇ ಗೆರೆ ಅಳಿಸಿದರು. ಖರ್ಚು ಒಂದು ಹಿಡಿ ಸುಣ್ಣ.

ಕಿಟಕಿಯನ್ನು ಎದುರು ಗೋಡೆಯ ಇನ್ನೊಂದು ಮೂಲೆಗೆ ಇಡಿಸಿದೆವು. ಗಾಳಿ ಖೋಲಿಯನ್ನು ಅಡ್ಡ ಹಾಯ್ದು ಹೋಗುತ್ತದೆ, ಕೆಳಗೆ ನಾದಿನಿಗೆ ಓದುವ ಜಾಗ. ಬಸವನ ಬಾಗೇವಾಡಿ ಕಡೆ ನೋಡಿದ್ದಂತೆ ಬಾಗಿಲಿನ ಮೇಲೆ 2 ಅಡಿ ಅಗಲದ ಅಟ್ಟ. ಹಬ್ಬದ ಪಾತ್ರೆ, ಟ್ರಂಕು ಅಲ್ಲಿಗೆ ಹೋದವು.

ನನಗೆ ಸಿಟ್ಟು ಬರುವುದು ಮದುವೆಯಲ್ಲಿ ಕೊಡುವ ಡಬಲ್ ಕಾಟಿನ ಮೇಲೆ. 100 ಚದರ ಅಡಿಯಲ್ಲಿ 39 ಅದಕ್ಕೇ ಹೋಗುತ್ತದೆ. ಮುದ್ದೇಬಿಹಾಳದ ಗೆಳೆಯನೊಬ್ಬ ತಿಜೋರಿ ತೆಗೆಯಲು ಕಾಟಿನ ಮೇಲೆ ಹತ್ತಿ ನಿಲ್ಲುತ್ತಾನೆ. ಅಕ್ಕ ತನ್ನದನ್ನು ಬೇಡ ಅಂದಿದ್ದಕ್ಕೆ ನಮ್ಮವ್ವ ಎರಡು ದಿನ ಮಾತು ಬಿಟ್ಟಿದ್ದಳು.

ಒಂದು ಮಾತ್ರ ಬಗೆಹರಿದಿಲ್ಲ. ಏಪ್ರಿಲ್‌ನಲ್ಲಿ ಸ್ಲ್ಯಾಬು ರಾತ್ರಿ ಹತ್ತಾದರೂ ಕಾದೇ ಇರುತ್ತದೆ. ಭಾವ ಮೇಲೆ ಸುಣ್ಣ ಬಳಿದು ನೋಡಿದರು. ಅಕ್ಕನ ಅತ್ತಿ ಅದರ ಗೊಡವೆಗೇ ಹೋಗದೆ ಕೌದಿ ಹೊತ್ತು ಮೇಲೆ ಹತ್ತುತ್ತಾರೆ.