ಕಾಕಾ ನಗದ ಜಾಗ

‘ತಿಥಿ’ 2016ರ ಮೇ ತಿಂಗಳಲ್ಲಿ ತೆರೆಗೆ ಬಂತು. ಅಷ್ಟರಲ್ಲಾಗಲೇ ರಾಮ್ ರೆಡ್ಡಿಯವರ ಈ ಮೊದಲ ಚಿತ್ರ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಗೆದ್ದು, ಇಲ್ಲಿ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆದಿತ್ತು. ನಾನು ಓದಿದ ವಿಮರ್ಶೆಗಳೆಲ್ಲ ನಗುತ್ತಲೇ ಹೊಗಳಿದ್ದವು. ಗಡ್ಡಪ್ಪನಂತೂ ಎಲ್ಲರಿಗೂ ಅವಧೂತನೇ. ನನಗೂ.

ಹೀಗಾಗಿ ಬ್ಯಾಡಗಿಯ ಕಾಕಾ ರಾಣೇಬೆನ್ನೂರಿಗೆ, ನಮ್ಮ ಮನೆಗೆ ಬಂದಾಗ ನಗಿಸೋಣವೆಂದು ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಮಂಡ್ಯದ ಮಾತು ಅವನಿಗೆ ಅರ್ಧ ತಿಳಿಯಲಿಲ್ಲ. ‘ಏನಂತಾನ್ಲೇ ಇವಾ?’ ಎಂದು ಮತ್ತೆ ಮತ್ತೆ ಕೇಳಿದ. ನನಗೂ ಕೆಲವು ಕಡೆ ಕೆಳಗಿನ ಇಂಗ್ಲಿಷ್ ಸಾಲೇ ಗತಿ. ಕನ್ನಡದಿಂದ ಕನ್ನಡಕ್ಕೆ ಇಂಗ್ಲಿಷಿನ ಮೇಲೆ ಹಾಯ್ದು ಹೋಗಬೇಕಾಯಿತು! ‘ತಿಥಿ ಅಂದ್ರ ನಮ್ಮ ದಿನಾ ಮಾಡೂದಲ್ಲನ?’ ಎಂದು ಅವನೇ ಹೊಂದಿಸಿಕೊಂಡ.

ಸೆಂಚುರಿ ಗೌಡ ದಾರಿಹೋಕರನ್ನು ಬೈಯುವಾಗ ಕಾಕಾ ಬಿದ್ದು ಬಿದ್ದು ನಕ್ಕ. ಆಮೇಲೆ ಮಗ ತಮ್ಮಣ್ಣ ಹೊಲ ಮಾರಲು, ಬದುಕಿರುವ ಅಪ್ಪ ಗಡ್ಡಪ್ಪನನ್ನೇ ಕಾಗದದಲ್ಲಿ ಸಾಯಿಸಲು ಹೊರಡುತ್ತಾನೆ. ವಿಮರ್ಶಕರು ಹೆಚ್ಚು ನಕ್ಕ ಜಾಗ ಅದು. ಕಾಕಾ ನಗಲಿಲ್ಲ.

ನನಗೆ ಆಗ ನೆನಪಾಯಿತು. ಅಜ್ಜ ಹಾಸಿಗೆ ಹಿಡಿದಾಗ ಕಾಕಾ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು, ನಾಲ್ಕು ಎಕರೆ ಮೆಣಸಿನಕಾಯಿ ಹೊಲದ ಉತಾರ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಅತ್ತಿ ಹಾವೇರಿ ಕೋರ್ಟಿಗೆ ಹೋದಳು. ಚೇತರಿಸಿಕೊಂಡ ಅಜ್ಜ ಯಾರಿಗೂ ಏನೂ ಅನ್ನದೆ ಹೊಲದ ಗುಡಿಸಲು ಸೇರಿದ. ಸಾಯುವ ತನಕ ಮನೆಯ ಹೊಸ್ತಿಲು ತುಳಿಯಲಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಅವನೆದುರು ಈ ಚಿತ್ರ ಹಾಕಿದ್ದೆ.

ಕುರಿಗಾರರ ಬೆಂಕಿಯ ಮುಂದೆ ಗಡ್ಡಪ್ಪ ತನ್ನ ಹಳೆಯ ಕತೆ ಹೇಳುವ ದೃಶ್ಯ ಬಂತು. ‘ಹಿಂದಕ್ಕ ಹಾಕು, ಇನ್ನೊಮ್ಮೆ ಕೇಳೂಣು’ ಎಂದ. ಎರಡು ಸಲ ಕೇಳಿದ. ಎರಡನೇ ಸಲ ಅರ್ಥ ಕೇಳಲಿಲ್ಲ.

ಮುಗಿದ ಮೇಲೆ, ಪೇಪರಿನವರು ಏನು ಬರೆದರೆಂದು ವಿಚಾರಿಸಿದ. ಹೇಳಿದೆ.

‘ಎಲ್ಲಾರೂ ಆ ಗಡ್ಡದಾಂವನ್ನ ಹೊಗಳ್ಯಾರ. ಅಂವಾ ತಿರುಗ್ಯಾಡಕೋಂತ ಹ್ವಾದಾ. ಊರಿಗೆ ಊಟಾ ಹಾಕಾಂವ ಯಾರು? ಮಗಾ ಅಲ್ಲನ?’

ಉಳಿದುಕೋ ಎಂದರೂ ಕೇಳದೆ ಬ್ಯಾಡಗಿ ಬಸ್ಸಿಗೆ ಹೊರಟ. ಚಪ್ಪಲಿ ಮೆಟ್ಟುತ್ತಾ, ‘ಆ ತಮ್ಮಣ್ಣನ ಬಗ್ಗೆ ಯಾರೂ ಏನೂ ಬರದಿಲ್ಲನ?’ ಎಂದು ಮತ್ತೆ ಕೇಳಿದ.